ಕಾರಿನ ಮಾಡು

ಕಾರಿನೊಳಗೆ ಕೊಡೆ ಬಿಚ್ಚಿಕೊಂಡು ಕೂರುವ ಮನುಷ್ಯ ಕಾರವಾರದಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬ ಇರಲಿಕ್ಕಿಲ್ಲ. ಕಳೆದ ಎರಡು ಮಳೆಗಾಲ ನಾನು ಹಾಗೆಯೇ ತಿರುಗಾಡಿದೆ. ನನ್ನ ಹಳೆಯ ಅಂಬಾಸಿಡರಿನ ನೆತ್ತಿ ಎರಡು ಕಡೆ ಸೋರುತ್ತಿತ್ತು. ಒಂದು ಹನಿ ಸರಿಯಾಗಿ ನನ್ನ ಕತ್ತಿನ ಹಿಂದೆ, ಇನ್ನೊಂದು ಪಕ್ಕದ ಸೀಟಿನ ಮೇಲೆ. ಪಕ್ಕದಲ್ಲಿ ಕೂತವರು ಕೊಡೆ ಹಿಡಿಯಬೇಕು, ಅದರ ಅರ್ಧವನ್ನು ನನ್ನ ಕಡೆಗೂ ಚಾಚಬೇಕು, ಆದರೆ ನನ್ನ ಕಣ್ಣಿಗೆ ಅಡ್ಡ ಬರಬಾರದು. ಇಷ್ಟೆಲ್ಲ ಷರತ್ತಿಗೆ ಒಪ್ಪಿ ಕಾರು ಹತ್ತುವವರು ಬರಬರುತ್ತ ಕಡಿಮೆಯಾದರು. ಹೆಂಡತಿಯಂತೂ ಬಸ್ಸಿಗೆ ಹೋಗತೊಡಗಿದಳು. ಬಸ್ಸೂ ಸೋರುತ್ತದೆ, ಆದರೆ ಅಲ್ಲಿ ಡ್ರೈವರನಿಗೆ ಕೊಡೆ ಹಿಡಿಯುವ ಚಾಕರಿ ಇಲ್ಲವಲ್ಲ ಎಂಬುದು ಅವಳ ವಾದ.

ನಮ್ಮ ಕಡೆ ಛಾವಣಿಗೆ ಮಾಡು ಅನ್ನುತ್ತೇವೆ. ಘಟ್ಟದ ಮೇಲಿನವರಿಗೆ ಇದು ತಿಳಿಯುವುದಿಲ್ಲ. ನಾನು ಕೋರ್ಟಿನಲ್ಲಿ ಗುಮಾಸ್ತನಾಗಿದ್ದಾಗ ಆ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಸಾಹೇಬರೊಬ್ಬರ ಮುಂದೆ ಒಬ್ಬ ಸಾಕ್ಷಿ "ಮಾಡು ಬಿತ್ತು" ಎಂದ. "ಏನು ಮಾಡು?" ಎಂದು ಸಾಹೇಬರು ಕೇಳಿದರು. "ಮಾಡೇ ಸಾಯೇಬ್ರೆ" ಎಂದ. "ಅದೇ, ನಾನೇನು ಮಾಡಲಿ?" ಎಂದು ಅವರು ಕೆರಳಿದರು. ಕೊನೆಗೆ ನಾನೇ ಎದ್ದು ನಿಂತು ಮೇಲಕ್ಕೆ ಬೆರಳು ತೋರಿಸಬೇಕಾಯಿತು. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಮಾಡಿದ ಒಂದೇ ಕಾನೂನು ಸೇವೆ ಅದು. ಉಳಿದ ಹೊತ್ತೆಲ್ಲ ಕಟಕಟೆಗೆ ಬಂದವರ ಬಾಯಲ್ಲಿ "ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ" ಎಂದು ಹೇಳಿಸುವುದೇ ನನ್ನ ಕೆಲಸ. ಎಷ್ಟು ಸಾವಿರ ಜನರಿಗೆ ಹೇಳಿಸಿದೆನೋ ಲೆಕ್ಕವಿಲ್ಲ. ನನಗೆ ಮಾತ್ರ ಯಾರೂ ಹೇಳಿಸಲಿಲ್ಲ.

ಕಾರಿಗೂ ಮಾಡು ಎಂಬ ಮಾತನ್ನು ಮೊದಲು ಬಳಸಿದವನು ಟಿಂಕರ್ ಪೆದ್ರು. ಬೈತಖೋಲದ ದಾರಿಯಲ್ಲಿ ಅವನ ಶೆಡ್ಡು. ಮೊದಲು ದೋಣಿ ಕೆಲಸ ಮಾಡಿಕೊಂಡಿದ್ದವನು, ಆಮೇಲೆ ಕಾರಿಗೆ ಇಳಿದ. ದೋಣಿಯವರ ರೂಢಿಯಂತೆ ಕಾರನ್ನೂ ಮೊದಲು ಕಿವಿಯಿಂದ ನೋಡುತ್ತಾನೆ. ಮಾರ್ಚಿನಲ್ಲಿ ಕಾರು ಒಯ್ದು ನಿಲ್ಲಿಸಿದಾಗ ಸ್ಟೂಲು ಹತ್ತಿ, ನೆತ್ತಿಗೆ ಕಿವಿ ಕೊಟ್ಟು, ಬೆರಳ ಗೆಣ್ಣಿನಿಂದ ಬಡಿಯುತ್ತ ಹೋದ.

"ಸಾಯಬಾ, ಇಲ್ಲಿ ಕೇಳಿ," ಎಂದ. ಕಬ್ಬಿಣ ಠಣ್ ಅಂದಿತು. "ಇದು ಲೋಖಂಡ. ಈಗ ಇಲ್ಲಿ ಕೇಳಿ." ಸೋರುವ ಜಾಗದಲ್ಲಿ ಬಡಿದ. ಹಸಿ ಗೋಡೆಗೆ ಬಡಿದ ಸದ್ದು. "ಲೋಖಂಡ ಇಲ್ವೇ ಇಲ್ಲ. ಪುಟ್ಟಿ. ಯಾವ ಫಟಿಂಗ ತುಂಬ್ಸಿದ್ದು ಇದನ್ನ?"

ನಾನು ಸಮುದ್ರದ ಕಡೆ ನೋಡಿದೆ.

"ತಗ್ಗು ಬಿದ್ರೆ ತೊಂದರಿ ಇಲ್ಲ ಸಾಯಬಾ. ಮಳೆ ನೀರು ನಿಲ್ತದೆ, ಬಿಸ್ಲಿಗೆ ಹೋಗ್ತದೆ. ಚಂದ ಕಾಣ್ಬೇಕು ಹೇಳಿ ಮುಚ್ಚಿದ್ರಲ್ಲ, ಅದೇ ಕೆಟ್ಟದ್ದು. ಉಪ್ಪು ಒಳಗೇ ಕೂತು ತಿಂದದೆ. ಪೂರಾ ಮಾಡೇ ಬದಲ್ಸಬೇಕು."

ಆ ಫಟಿಂಗ ನಾನೇ. ಆ ಎರಡು ತಗ್ಗುಗಳು ನನ್ನ ತಮ್ಮ ವಿಠೋಬನ ಹಿಮ್ಮಡಿಯವು.

ವಿಠೋಬ ಬೆಳಂಬಾರದಲ್ಲಿದ್ದ. ಕರೆಂಟಿನ ಕಂಬ ಹತ್ತುವ ಲೈನ್‌ಮನ್. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವುದು ನಮ್ಮಲ್ಲಿ ವರ್ಷದ ಕೆಲಸ. ಒಡೆದ ಹಂಚು ತೆಗೆದು ಹೊಸದನ್ನು ಕೂಡಿಸಿ, ಜಾರಿದ್ದನ್ನು ಸರಿಸಿ, ಕಸ ಗುಡಿಸಬೇಕು. ಅದಕ್ಕೆ ಅವನು ಏಣಿ ಇಡುತ್ತಿರಲಿಲ್ಲ. "ಅಣ್ಣಾ, ಆಯ್ತವಾರ ಕಾರು ತಕಂಡು ಬಾ," ಎಂದು ಫೋನು ಮಾಡುತ್ತಿದ್ದ. ಕಾರನ್ನು ಸೂರಿಗೆ ತಾಗಿಸಿ ನಿಲ್ಲಿಸಿದರೆ ಬಾನೆಟ್ಟಿಗೆ ಒಂದು ಕಾಲು, ಕಾರಿನ ನೆತ್ತಿಗೆ ಇನ್ನೊಂದು, ಅಲ್ಲಿಂದ ಮಾಡಿಗೆ. ಇಳಿಯುವಾಗ ಹೊಟ್ಟೆ ಅಡಿಯಾಗಿ ಮಲಗಿ, ಕಾಲು ಇಳಿಬಿಟ್ಟು, ಕೈ ಬಿಡುತ್ತಿದ್ದ. ಧಡ್ ಎಂದು ನೆತ್ತಿಯ ಮೇಲೆ ನಿಲ್ಲುತ್ತಿದ್ದ. ಒಮ್ಮೆಯೂ ಕೆಳಗೆ ನೋಡಿದವನಲ್ಲ. ವರ್ಷ ವರ್ಷ ಒಂದೇ ಜಾಗಕ್ಕೆ ಬಿದ್ದು ಅಲ್ಲಿ ಎರಡು ತಗ್ಗು ಬಿದ್ದವು. ಮಳೆ ಬಂದರೆ ಅದರಲ್ಲಿ ನೀರು ನಿಂತು ಕಾಗೆ ಬಂದು ಕುಡಿಯುತ್ತಿತ್ತು.

ನಿವೃತ್ತಿಯಾದ ವರ್ಷ ನನಗೆ ಕಾರಿನ ಮೋಹ ಹತ್ತಿತು. ಮಾಡಲು ಬೇರೆ ಕೆಲಸವಿಲ್ಲದವನ ಮೋಹ ಎಂದರೆ ಕೇಳಬೇಕೇ. ತಗ್ಗುಗಳಿಗೆ ಪುಟ್ಟಿ ತುಂಬಿಸಿ ಹಾಲುಕೆನೆ ಬಣ್ಣ ಹೊಡೆಸಿದೆ. ದಿನಕ್ಕೆರಡು ಸಲ ಹಳೆಯ ಬನಿಯನ್ನಿನಿಂದ ಒರೆಸುತ್ತಿದ್ದೆ. ಆ ಮೇ ತಿಂಗಳಲ್ಲಿ ವಿಠೋಬ ಎಂದಿನಂತೆ ಫೋನು ಮಾಡಿದ. ಬೇಡ ಅನ್ನಲಾಗಲಿಲ್ಲ. ಹೋಗಿ ನಿಲ್ಲಿಸಿದೆ. ಅವನು ಹತ್ತುವಾಗ ಚಪ್ಪಲಿ ಬಿಡಿಸಿ, ಕಾಲ ಕೆಳಗೆ ಗೋಣಿಚೀಲ ಹಾಸಿದೆ. "ಕಾರೋ, ದೇವರೋ?" ಎಂದು ನಕ್ಕು ಮೇಲೆ ಹೋದ.

ಸ್ವಲ್ಪ ಹೊತ್ತಿಗೆ ಒಂದು ಹಂಚಿನ ಚೂರು ಜಾರಿ ಬಂದು ಹೊಸ ಬಣ್ಣದ ಮೇಲೆ ಬಿತ್ತು. ಇಂಚು ಉದ್ದದ ಗೀರು. ನನ್ನ ಜೀವಕ್ಕೇ ಗೀರಿದಂತಾಯಿತು. ಕಾರಿನ ಬಾಗಿಲು ತೆಗೆದು ಒಳಗೆ ಕೂತು, ಹ್ಯಾಂಡ್‌ಬ್ರೇಕ್ ಬಿಟ್ಟೆ. ಅಂಗಳ ಇಳಿಜಾರು. ಕಾರು ಸದ್ದಿಲ್ಲದೆ ಉರುಳಿ ಗೇರುಮರದ ಕೆಳಗೆ ನಿಂತಿತು. ಇಂಜಿನ್ ಯಾಕೆ ಹಾಕಲಿಲ್ಲ ಎಂದು ನೀವು ಕೇಳಬಹುದು. ಅವನಿಗೆ ಗೊತ್ತಾದರೆ ಮತ್ತೆ ನಗುತ್ತಾನೆ ಎಂದು. ಅವನು ಇಳಿಯುವ ಮೊದಲು ತಂದು ನಿಲ್ಲಿಸಿದರಾಯಿತು ಎಂದುಕೊಂಡು ನಾನು ಒಳಗೆ ಚಾ ಕುಡಿಯಲು ಹೋದೆ. ಬಶಿಯಲ್ಲಿ ಇನ್ನೂ ಅರ್ಧ ಚಾ ಇತ್ತು.

ಅವನು ಎಂದಿನಂತೆ ಕೆಳಗೆ ನೋಡದೆ ಕೈ ಬಿಟ್ಟಿದ್ದ. ತಲೆ ಚಿರೆಕಲ್ಲಿನ ಮೆಟ್ಟಿಲಿಗೆ ಬಡಿದಿತ್ತು. ಅದೇ ಕಾರಿನ ಹಿಂದಿನ ಸೀಟಿನಲ್ಲಿ, ಅವನ ಹೆಂಡತಿ ನಾಗವೇಣಿಯ ತೊಡೆಯ ಮೇಲೆ ಮಲಗಿಸಿಕೊಂಡು ಹೊರಟೆವು. ಅಂಕೋಲೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಆಸ್ಪತ್ರೆಯ ಜಗಲಿಯಲ್ಲಿ ನಾಗವೇಣಿ ಒಂದೇ ಪ್ರಶ್ನೆ ಕೇಳಿದಳು. "ಭಾವ, ಕಾರು ಎಲ್ಲಿತ್ತು?"

"ಬದಿಗೆ ತೆಗೆದಿದ್ದೆ. ಕೂಗಿ ಹೇಳಿದ್ದೆ. ಅವನಿಗೆ ಕೇಳಲಿಲ್ಲ," ಎಂದೆ.

ಕಟಕಟೆಯಲ್ಲಿ ಸುಳ್ಳು ಹೇಳುವವರನ್ನು ನಾನು ಹತ್ತಿರದಿಂದ ಕಂಡವನು. ಅವರು ತಡವರಿಸುತ್ತಾರೆ, ಟವೆಲಿನಿಂದ ಮುಖ ಒರೆಸುತ್ತಾರೆ. ನಾನು ತಡವರಿಸಲೇ ಇಲ್ಲ.

ನನ್ನ ಪಾಪ ನನಗೇ ಇರಲಿ, ಅಷ್ಟಾದರೆ ಹೇಗೋ ಸಾಗುತ್ತಿತ್ತು. ಆದರೆ ಆ ಸುಳ್ಳು ಹೋಗಿ ನಾಗವೇಣಿಯೊಳಗೆ ಕೂತಿತು. ವಿಠೋಬನಿಗೆ ಮೂರು ಸಲ ಕರೆದ ಹೊರತು ಓಗೊಡದ ಚಾಳಿ ಇತ್ತು. ಅದು ಕಿವುಡಲ್ಲ, ಸೋಮಾರಿತನ ಎಂದು ನಾವೆಲ್ಲ ಬೈಯುತ್ತಿದ್ದೆವು. ಈಗ ಅವಳಿಗೆ ಅದೇ ಕಿವುಡಾಯಿತು. "ಒಂದಿನ ಕಿವಿ ಡಾಕ್ಟರಿಗೆ ತೋರಿಸೂಕೆ ಕರ್ಕೊಂಡು ಹೋಗಿದ್ರೆ ಅವ್ರು ಇರ್ತಿದ್ರು. ನಾನೇ ನಾಳೆ, ನಾಡಿದ್ದು ಅಂದೆ," ಎಂದು ಬಂದವರೆದುರೆಲ್ಲ ಹೇಳುತ್ತಿದ್ದಳು. ಏಳು ವರ್ಷ ಹೇಳಿದಳು. ನನ್ನೆದುರೂ ಹೇಳಿದಳು. ನಾನು ಪ್ರತಿ ಸಲ "ಹಣೆಬರಹ, ನಾಗವೇಣಿ" ಎಂದು ಸಮಾಧಾನ ಮಾಡಿದೆ. ಇದಕ್ಕಿಂತ ಹೊಲಸು ಕೆಲಸ ಇನ್ನೊಂದನ್ನು ನಾನು ಜೀವಮಾನದಲ್ಲಿ ಮಾಡಿಲ್ಲ.

ಇರಲಿ, ಪೆದ್ರುವಿನ ಶೆಡ್ಡಿಗೆ ಬರುತ್ತೇನೆ. ಕಾರಿನ ಮಾಡು ಬದಲಿಸುವುದೆಂದರೆ ಟೊಪ್ಪಿ ಬದಲಿಸಿದಂತೆ ಎಂದುಕೊಂಡಿದ್ದೆ. ಅಲ್ಲ. ಮೊದಲು ಹಿಂದಿನ ಮುಂದಿನ ಗಾಜು ಇಳಿಸಿ, ಒಳಗಿನ ಬಟ್ಟೆ ಕಿತ್ತು, ಬಾಗಿಲ ಚೌಕಟ್ಟುಗಳಿಗೆ ಮರದ ರೀಪು ಕೊಟ್ಟು ಬಿಗಿದ. ಮಾಡು ತೆಗೆದರೆ ಕಂಬಗಳು ಬಾಯಿ ಬಿಡುತ್ತವಂತೆ, ಆಮೇಲೆ ಯಾವ ಬಾಗಿಲೂ ಕೂಡುವುದಿಲ್ಲವಂತೆ. ಹೊಸ ಮಾಡು ಎಲ್ಲಿಂದಲೋ ಗುಜರಿಯಿಂದ ಬಂತು. ಯಾರೋ ಸರಕಾರಿ ಸಾಹೇಬರ ಕಾರಿನದು, ನಡುನೆತ್ತಿಯಲ್ಲಿ ಕೆಂಪು ದೀಪದ ತೂತು. ಎರಡು ತೂತು ಕೊಟ್ಟು ಒಂದು ತೂತು ತಂದೆನಲ್ಲ ಎಂದುಕೊಂಡೆ. "ಇದಕ್ಕೆ ಪುಟ್ಟಿ ಮುಟ್ಸೂದಿಲ್ಲ," ಎಂದು ಪೆದ್ರು ತಗಡು ಕತ್ತರಿಸಿ ಬೆಸೆದು ಮುಚ್ಚಿದ. ಹೀಗೆ ಗುಮಾಸ್ತನ ಕಾರಿನ ಮೇಲೆ ಸಾಹೇಬರ ಟೊಪ್ಪಿ ಕೂತಿತು.

ಹಳೆಯ ಮಾಡನ್ನು ಗುಜರಿಗೆ ಹಾಕುತ್ತೇನೆ ಎಂದು ಫೋನಿನಲ್ಲಿ ಅಂದಾಗ ನಾಗವೇಣಿ, "ಬ್ಯಾಡ ಭಾವ, ಇಲ್ಲಿಗೆ ತನ್ನಿ. ಕಟ್ಟಿಗೆ ಮೇಲೆ ಮುಚ್ಚೂಕೆ ಬತ್ತದೆ," ಎಂದಳು. ಹಳೆಯ ಮಾಡನ್ನು ಹೊಸ ಮಾಡಿನ ಮೇಲೆ ಹಗ್ಗದಿಂದ ಬಿಗಿದು ಬೆಳಂಬಾರಕ್ಕೆ ಹೋದೆ. ಅಂಗಳದಲ್ಲಿ ಇಳಿಸಿದೆವು. ಅವಳು ಆ ಎರಡು ತೂತುಗಳ ಸುತ್ತ ಬೆರಳಾಡಿಸಿ ನೋಡಿದಳು. ತುಕ್ಕು ಬೆರಳಿಗೆ ಹತ್ತಿತು.

"ಇದು ಅವ್ರ ಹಿಮ್ಮಡಿ ಅಲ್ದಾ?" ಎಂದಳು. ಆಮೇಲೆ, "ಆ ಕಿವಿ ಒಂದು ತೋರಿಸಿದ್ರೆ..." ಎಂದು ಶುರು ಮಾಡಿದಳು.

ಬಾಯಿಗೆ ಹಣೆಬರಹ ಬಂದಿತ್ತು. ಪೆದ್ರು ಬಡಿದಾಗ ಕೇಳಿದ ಹಸಿ ಸದ್ದು ನೆನಪಾಗಿ ಅದು ಹೊರಡಲಿಲ್ಲ. "ನಾನು ಕೂಗಿ ಹೇಳಲಿಲ್ಲ ನಾಗವೇಣಿ," ಎಂದೆ. "ಒಂದು ಮಾತೂ ಹೇಳಲಿಲ್ಲ. ಬಣ್ಣಕ್ಕೆ ಗೀರು ಬಿತ್ತು ಅಂತ ಕಾರನ್ನು ಸದ್ದು ಮಾಡದೆ ಉರುಳಿಸಿದೆ. ಇಂಜಿನ್ ಕೂಡ ಹಾಕಲಿಲ್ಲ."

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಕೈಯ ತುಕ್ಕನ್ನು ನೋಡುತ್ತ ನಿಂತವಳು,

"ಹಂಗಾರೆ ಅವ್ರ ಕಿವಿ ಸರಿಯಿತ್ತು," ಎಂದಳು.

ಇನ್ನೊಂದು ಸಲ ಅದನ್ನೇ, ತನಗೇ ಎಂಬಂತೆ ಹೇಳಿಕೊಂಡು ಒಳಗೆ ಹೋದಳು. ಚಾ ಬೇಕಾ ಎಂದು ಕೇಳಲಿಲ್ಲ. ನಾನು ಮೆಟ್ಟಿಲ ಮೇಲೆ ಕೂರುವ ಧೈರ್ಯವಿಲ್ಲದೆ ಅಂಗಳದಲ್ಲಿ ತುಸು ನಿಂತು ಕಾರವಾರಕ್ಕೆ ಬಂದೆ.

ಒಂದು ತಿಂಗಳು ಫೋನಿಲ್ಲ. ಹೆಂಡತಿಗೂ ಹೇಳಿದೆ, ಅವಳೂ ಎರಡು ದಿನ ಮಾತಾಡಲಿಲ್ಲ. ಸತ್ಯ ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ನನಗಂತೂ ಆಗಲಿಲ್ಲ. ನನ್ನ ಭಾರ ಇದ್ದಲ್ಲೇ ಇತ್ತು. ನಾಗವೇಣಿಯದ್ದು ಇಳಿದಿರಬಹುದು ಎಂಬುದೊಂದೇ ಆಸೆ.

ಮೇ ನಡುವಿಗೆ ಫೋನು ಬಂತು. "ಭಾವ, ಆಯ್ತವಾರ ಹಂಚು ಕೈಯಾಡಿಸೂಕೆ ಆಳು ಬತ್ತಾನೆ. ಕಾರು ತಕಂಡು ಬನ್ನಿ." ಅಷ್ಟು ವರ್ಷ ಅವಳು ಆಳಿಗೆ ಏಣಿ ಇಡಿಸುತ್ತಿದ್ದಳು. ನನ್ನನ್ನು ಕರೆದಿರಲೇ ಇಲ್ಲ.

ಹೋದೆ. ಸೂರಿಗೆ ತಾಗಿಸಿ ನಿಲ್ಲಿಸಿದೆ. ಗೋಣಿಚೀಲ ಹಾಸಲಿಲ್ಲ. ಆಳು ಚಪ್ಪಲಿ ಹಾಕಿಕೊಂಡೇ ಸಾಹೇಬರ ಟೊಪ್ಪಿ ತುಳಿದು ಮೇಲೆ ಹತ್ತಿದ. ನಾನು ಡ್ರೈವರ್ ಸೀಟಿನಲ್ಲೇ ಕೂತುಬಿಟ್ಟೆ. ಹಂಚಿನ ಚೂರುಗಳು ಟಪಟಪ ನೆತ್ತಿಗೆ ಬೀಳುತ್ತಿದ್ದವು. ಠಣ್ ಎನ್ನುವ ಸದ್ದು. ಮೊದಲ ಸಲ ಅದು ಕೇಳಲು ಹಿತವಾಗಿತ್ತು.

ನಾಗವೇಣಿ ಚಾ ತಂದಳು. ಕಿಟಕಿಯಿಂದ ಲೋಟ ಕೊಟ್ಟಳು. ಇನ್ನೊಂದು ಕೈಯನ್ನು ಒಳಗೆ ಚಾಚಿ, ಕಾರಿನ ಕೀಲಿಯನ್ನು ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇಳಿಜಾರಿಗೆ ಮುಖ ಮಾಡಿದ್ದ ಮುಂದಿನ ಚಕ್ರದ ಅಡಿಗೆ ಒಂದು ಚಿರೆಕಲ್ಲನ್ನು ಕಾಲಿನಿಂದ ಒತ್ತಿ ಕೂಡಿಸಿದಳು. ಆಮೇಲೆ ಮೆಟ್ಟಿಲ ಮೇಲೆ ಕೂತು ಮಾಡಿನ ಕಡೆ ಮುಖವೆತ್ತಿ ಕೂಗಿ ಹೇಳಿದಳು:

"ಕಾರು ಇಲ್ಲೇ ಅದೆ. ಆದ್ರೂ ಇಳೂವಾಗ ಕೆಳಗೆ ನೋಡು, ಮಾರಾಯಾ."