ನೆವಿಲ್ ಟ್ರಾಂಟರನ ಆಸ್ತಿ ಘೋಷಣೆ

ನೆವಿಲ್ ಟ್ರಾಂಟರ್ ಟೂವೂಂಬಾ ಊರಿನ ಕೌಟುಂಬಿಕ ನ್ಯಾಯಾಲಯಕ್ಕೆ ಕಾಗದಪತ್ರ ತುಂಬಿದ ಕೈಗಾಡಿ ತಳ್ಳಿಕೊಂಡೇ ಬರುವ ಪ್ರಾಣಿ. ವಿಚ್ಛೇದನದ ಮೊದಲ ದಿನಗಳಲ್ಲಿ ಮೀನು ಹಿಡಿಯುವ ದೋಣಿಯೊಂದನ್ನು ಅಣ್ಣನ ಶೆಡ್ಡಿನಲ್ಲಿ ಬಚ್ಚಿಟ್ಟು ಸಿಕ್ಕಿಬಿದ್ದಿದ್ದ. ಹೆಂಡತಿ ಲೊರೇನಳ ವಕೀಲರ ಫೀಸನ್ನೂ ಇವನೇ ಕಟ್ಟಬೇಕೆಂದು ಆದೇಶವಾಯಿತು. ಅಂದಿನಿಂದ ಏನನ್ನೂ ಮುಚ್ಚಿಡುವುದಿಲ್ಲವೆಂದು ಪಣ ತೊಟ್ಟಿದ್ದಾನೆ. ಬ್ರೆಡ್ಡಿಗೆ ಹಚ್ಚುವ ವೆಜಿಮೈಟಿನ ಅರ್ಧ ಬಾಟಲಿ, ನಿಂಬೆಗಿಡದಲ್ಲಿ ಮುಂದೆ ಹಣ್ಣಾಗಬಹುದಾದ ಕಾಯಿ, ಪಕ್ಕದ ಮನೆಯಿಂದ ತಂದು ವಾಪಸು ಕೊಡದ ಏಣಿ, ಎಲ್ಲವೂ ನ್ಯಾಯಾಲಯಕ್ಕೆ ಆಣೆ ಮಾಡಿ ಕೊಡುವ ಆಸ್ತಿ-ಸಾಲದ ಪ್ರಮಾಣಪತ್ರದಲ್ಲಿ ಇರಲೇಬೇಕು. ಮೊಟ್ಟೆಯಿಡುವ ಕೋಳಿ ಆಸ್ತಿಯ ಕಡೆ, ಇಡದ ಕೋಳಿ ಸಾಲದ ಕಡೆ. "ಟ್ರಾಂಟರ್ ಅವರೇ, ಕೋಳಿ ವಿಷಯ ಸಾಕು ಮಾಡಿ," ಎಂದು ನ್ಯಾಯಾಧೀಶೆ ಹಣೆ ಒತ್ತಿಕೊಂಡರೆ, "ಆಮೇಲೆ ಮುಚ್ಚಿಟ್ಟೆ ಅಂತೀರಲ್ಲ ಅಮ್ಮಾವ್ರೇ," ಎನ್ನುತ್ತಾನೆ. ಇಷ್ಟನ್ನೂ ಓದಿದ್ದಕ್ಕೆ ಲೊರೇನಳ ವಕೀಲರ ಬಿಲ್ಲು ಬೆಳೆಯುತ್ತದೆ. ಸಮಯ ಹಾಳು ಮಾಡಿದ್ದಕ್ಕೆ ಅದೂ ಇವನ ತಲೆಗೇ ಬರುತ್ತದೆ. ಆ ಹೊಸ ಸಾಲವನ್ನು ಸೇರಿಸಿ ಇವನು ಹೊಸ ಪ್ರಮಾಣಪತ್ರ ತರುತ್ತಾನೆ. ಅದನ್ನು ಮತ್ತೆ ಮೊದಲಿಂದ ಓದಬೇಕು. ಮೊನ್ನೆ ನ್ಯಾಯಾಲಯದ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ಲೊರೇನ್ ತಡೆಯಲಾರದೆ ಕೇಳಿಯೇಬಿಟ್ಟಳು: "ಅಲ್ಲ ಕಣೋ, ಸಂಸಾರ ಮಾಡಿದಷ್ಟು ದಿನ ಊಟ ಹೆಂಗಿದೆ ಅಂತ್ಲೂ ಬಾಯಿ ಬಿಡ್ತಿರ್ಲಿಲ್ಲ. ಈಗ ಕೋಳಿ ಸಮಾಚಾರಾನೂ ಹೇಳ್ತೀಯಲ್ಲ?" "ಆಗ ಯಾರೂ ಪ್ರಮಾಣ ಮಾಡ್ಸಿ ಕೇಳ್ಲಿಲ್ವಲ್ಲೇ," ಎಂದ ನೆವಿಲ್. ಲೊರೇನ್ ಗೊಳ್ಳೆಂದು ನಕ್ಕುಬಿಟ್ಟಳು. ಆ ನಗು ಅವನ ಕಿವಿಗೆ ಬಿದ್ದು ವರ್ಷಗಳೇ ಆಗಿದ್ದವು. ತಡಬಡಾಯಿಸಿ ಪೆನ್ನು ತೆಗೆದವನು ಪಕ್ಕದಲ್ಲಿದ್ದ ಅವಳ ವಕೀಲರನ್ನೇ ಮೆಲ್ಲಗೆ ಕೇಳಿದ: "ಸಾರ್, ಇದನ್ನ ಆಸ್ತಿ ಕಡೆ ಬರೀಲಾ, ಸಾಲದ ಕಡೆ ಬರೀಲಾ?"