ಸುರಗಿಯ ಎಣ್ಣೆ ಮತ್ತು ನನ್ನ ಮೊದಲ ಹೇರ್ ಪ್ಯಾಚ್

2022ರ ಮಾತು. ಹುಬ್ಬಳ್ಳಿಯ ದುರ್ಗದಬೈಲಿನ ಪಕ್ಕದ ಓಣಿಯಲ್ಲಿ ನನ್ನದು ಎರಡು ಕುರ್ಚಿಯ ಸಲೂನ್. ಹೆಸರು ದಸ್ತಗೀರ, ಗಿರಾಕಿಗಳಿಗೆಲ್ಲ ದಸ್ತಗೀರ ಕಾಕಾ. ಕತ್ತರಿ ಹಿಡಿದು ಆಗ ಇಪ್ಪತ್ತಾರು ವರ್ಷವಾಗಿತ್ತು. ಆ ವರ್ಷವೇ ಪುಣೆಗೆ ಹೋಗಿ, ಹತ್ತು ದಿನ ಹೇರ್ ಪ್ಯಾಚ್ ಕೆಲಸ ಕಲಿತು ಬಂದು, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಕನ್ನಡಿಯ ಮೇಲೆ ತೂಗುಹಾಕಿದ್ದೆ. ಕೂದಲು ತೆಗೆಯುವವರು ಊರ ತುಂಬ ಇದ್ದಾರೆ, ಕೂದಲು ಬರಿಸುವವನು ನಾನೊಬ್ಬನೇ ಎಂಬ ಸೊಕ್ಕು ತುಸು ಹೆಚ್ಚೇ ಇತ್ತು.

ಹೇರ್ ಪ್ಯಾಚ್ ಎಂದರೆ ಬೋಳಾದ ಭಾಗದ ಅಳತೆಗೆ ಮಾಡಿದ ತೆಳುವಾದ ಬಲೆಯಂಥ ಬಟ್ಟೆ. ಅದರಲ್ಲಿ ನಿಜವಾದ ಕೂದಲನ್ನೇ ಪೋಣಿಸಿರುತ್ತಾರೆ. ಎರಡೂ ಬದಿಗೆ ಅಂಟುವ ಟೇಪಿನಿಂದ ಅದನ್ನು ನೆತ್ತಿಗೆ ಕೂಡಿಸಿ, ಸುತ್ತಲಿನ ಸ್ವಂತ ಕೂದಲಿನಲ್ಲಿ ಬೆರೆತುಹೋಗುವಂತೆ ಕತ್ತರಿಸಬೇಕು. ಮೂರು ವಾರಕ್ಕೊಮ್ಮೆ ಬಿಚ್ಚಿ, ತೊಳೆದು, ಹೊಸ ಟೇಪ್ ಹಾಕಬೇಕು. ಗಾಳಿಗೆ ಅದು ಜಗ್ಗುವುದಿಲ್ಲ, ಬೆವರಿಗೂ ಜಗ್ಗುವುದಿಲ್ಲ. ಎಣ್ಣೆಯೊಂದು ತಾಗಬಾರದು, ತಾಗಿದರೆ ಅಂಟು ಕರಗುತ್ತದೆ.

ನನ್ನ ಮೊದಲ ಪ್ಯಾಚ್ ಗಿರಾಕಿ ಶಿರಗುಪ್ಪಿಯ ವೀರೇಶ. ಹತ್ತಿ ವ್ಯಾಪಾರದ ಮನೆತನ, ಮೂವತ್ತೆರಡರ ವಯಸ್ಸು, ಕಟ್ಟುಮಸ್ತಾದ ಆಳು. ಆದರೆ ಹಣೆಯಿಂದ ನೆತ್ತಿಯವರೆಗೆ ಬಟಾಬಯಲು. ಏಳು ಕಡೆ ಹೆಣ್ಣು ನೋಡಿ ಬಂದಿದ್ದ. 'ತಿಳಿಸ್ತೀವಿ' ಅಂದ ಏಳು ಮನೆಯವರಲ್ಲಿ ಒಬ್ಬರೂ ತಿಳಿಸಿರಲಿಲ್ಲ. ಎಂಟನೆಯ ಸಲ ನನ್ನ ಪ್ಯಾಚ್ ಹಾಕಿಕೊಂಡು ಧಾರವಾಡಕ್ಕೆ ಹೋದ. ಲ್ಯಾಬ್ ಟೆಕ್ನಿಶಿಯನ್ ಕೆಲಸದ ಸುನಂದಾ ಎಂಬ ಹುಡುಗಿ ಅವನನ್ನು ಒಪ್ಪಿದಳು. ಅಂದು ಸಂಜೆ ಅವನು ಪೇಢೆ ತಂದು ನನ್ನ ಬಾಯಿಗೇ ಹಾಕಿದ.

ಮುಂದಿನ ಮೂರು ತಿಂಗಳು ಅವನು ಟೇಪ್ ಬದಲಿಸಲು ಬಂದಾಗಲೆಲ್ಲ ನಾನು ಕೇಳುತ್ತಿದ್ದೆ, "ಹುಡುಗಿಗೆ ಹೇಳಿದ್ರೇನು?"

"ಹೇಳ್ತೇನ್ರಿ ಕಾಕಾ. ಫೋನಿನ್ಯಾಗ ಹೆಂಗ ಹೇಳೂದ್ರಿ? ಎದುರಿಗೆ ಸಿಕ್ಕಾಗ ಹೇಳ್ತೇನಿ."

ಎದುರಿಗೆ ಸಿಕ್ಕಾಗ ಅವನ ನಾಲಿಗೆ ಏಳಲಿಲ್ಲ. ನಾನೂ ಜೋರು ಮಾಡಲಿಲ್ಲ. ಈಗ ಹೇಳಲು ನಾಚಿಕೆಯಾಗುತ್ತದೆ, ಮೂರು ತಿಂಗಳಾದರೂ ಆ ಹುಡುಗಿಗೆ ಗೊತ್ತಾಗಿಲ್ಲ ಎಂದರೆ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ನನ್ನ ಕೈಚಳಕಕ್ಕೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇನ್ನೇನು?

ಮದುವೆ ಒಂದು ಭಾನುವಾರ, ಶಿರಗುಪ್ಪಿಯಲ್ಲಿ, ವರನ ಮನೆಯ ಮುಂದೆ. ಶನಿವಾರ ಮಧ್ಯಾಹ್ನ ವೀರೇಶನನ್ನು ಕೂಡಿಸಿಕೊಂಡು ಒಂದು ಸುತ್ತು ಟೇಪ್ ಹೆಚ್ಚಿಗೇ ಹಾಕಿದೆ. "ಬಿರುಗಾಳಿ ಬಂದ್ರೂ ಅಳ್ಳಾಡೂದಿಲ್ಲ, ಹೋಗ್ರಿ," ಎಂದು ಬೆನ್ನು ತಟ್ಟಿ ಕಳಿಸಿದೆ.

ಸಂಜೆ ಅದೇ ಕುರ್ಚಿಗೆ ಸನಾದಿ ನುಡಿಸುವ ಯಲ್ಲಪ್ಪ ದಾಡಿ ಮಾಡಿಸಲು ಬಂದ. ಅವನಿಗೂ ಮರುದಿನ ಅದೇ ಮದುವೆ.

"ಮುಹೂರ್ತದ ಅಕ್ಕಿಕಾಳು ಹನ್ನೆರಡಕ್ಕ ಐತಲ್ಲೊ, ಸಾವಕಾಶ ಹೋಗೂಣು," ಎಂದೆ.

"ನಿನಗೇನಪಾ, ಉಣ್ಣಾಕ ಬರಾಂವ. ನಾ ಎಂಟಕ್ಕ ಸುರಗಿಗೆ ಬಾರಸಬೇಕು. ಸುಳ್ಳ ಊರಿಂದ ವೀರೇಶನ ಸೋದರತ್ತಿ ಗಂಗಕ್ಕ ಬಂದಾಳ. ಆಕಿ ತಲಿಗೆ ಎಣ್ಣಿ ಹಚ್ಚಿದ್ರ ಹಿಟ್ಟು ನಾದಿದಂಗ!"

ನನ್ನ ಕೈಯಲ್ಲಿದ್ದ ಬ್ಲೇಡು ಅಲ್ಲೇ ನಿಂತಿತು. ನೂರಾರು ಲಿಂಗಾಯತ ಮದುವೆಗಳಲ್ಲಿ ಉಂಡವನು ನಾನು. ಆದರೆ ಹೋಗುತ್ತಿದ್ದದ್ದು ಊಟದ ಹೊತ್ತಿಗೆ. ಮುಂಜಾನೆಯ ಸುರಗಿಯನ್ನು ಒಮ್ಮೆಯೂ ಕಂಡಿರಲಿಲ್ಲ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ವಧುವರರನ್ನು ಕೂಡಿಸಿ, ಅರಿಷಿಣ ಎಣ್ಣೆ ಹಚ್ಚಿ ನೀರು ಹಾಕುತ್ತಾರೆಂದು ಯಲ್ಲಪ್ಪ ಬಿಡಿಸಿ ಹೇಳಿದ. ಅಷ್ಟು ಮಂದಿಯ ಎದುರು, ಹುಡುಗಿಯ ಪಕ್ಕದಲ್ಲೇ, ನನ್ನ ಪ್ಯಾಚ್ ಜಾರಿ ಗಂಗಕ್ಕನ ಕೈಗೆ ಬರುವುದು ಕಣ್ಣಿಗೆ ಕಟ್ಟಿತು. ವೀರೇಶನಿಗೆ ಮೂರು ಸಲ ಫೋನ್ ಮಾಡಿದೆ. ಮದುವೆ ಮನೆಯಲ್ಲಿ ಯಾರು ಎತ್ತುತ್ತಾರೆ?

ಭಾನುವಾರ ಆರೂವರೆಗೆ ಸ್ಕೂಟರಿನ ಮೇಲೆ ಸಾಮಾನಿನ ಪೆಟ್ಟಿಗೆ ಇಟ್ಟುಕೊಂಡು ಶಿರಗುಪ್ಪಿ ಮುಟ್ಟಿದೆ. ಅಲ್ಲಿ ಆಗಲೇ ಜಗಳ ಶುರುವಾಗಿತ್ತು. ಬೀಗರಿಗಷ್ಟೇ ಗೊತ್ತಿಲ್ಲದ ಪ್ಯಾಚಿನ ಸಂಗತಿ ವರನ ಮನೆಯವರಿಗೆಲ್ಲ ಗೊತ್ತಿತ್ತು. ವೀರೇಶನ ತಾಯಿ, ಒಂದೇ ಹನಿ ಮುಟ್ಟಿಸಿ ಬಿಡು ಎಂದು ಗಂಗಕ್ಕನಿಗೆ ಕೈಮುಗಿಯುತ್ತಿದ್ದರು.

ಗಂಗಕ್ಕ ಎಣ್ಣೆಯ ಬಟ್ಟಲು ಕೆಳಗಿಡಲಿಲ್ಲ. "ಇರಾಕಿ ಒಬ್ಬಾಕಿ ಅತ್ತಿ ನಾನು. ಅಂಟಿಸಿದ ಕೂದಲಕ್ಕ ಅಂಜಿ ಶಾಸ್ತ್ರ ಬಿಡಲೇನು? ನೆತ್ತಿ ತುಂಬ ಹಚ್ಚಾಕಿನ!"

ವೀರೇಶ ನನ್ನನ್ನು ಕೋಣೆಗೆ ಎಳೆದೊಯ್ದ. "ಕಾಕಾ, ಇನ್ನಷ್ಟು ಅಂಟು ಹಾಕ್ರಿ. ಈ ಮದುವಿ ಮುರದ್ರ ನಾ ಇನ್ನೊಂದು ನೋಡಾಂವಲ್ಲ. ನನಗ ಆಕೀನ ಬೇಕು."

"ಬಿರುಗಾಳಿಗೆ ತಡೀತೈತಿ, ನಿಮ್ಮ ಅತ್ತಿ ಕೈಗೆ ತಡಿಯೂದಿಲ್ಲ. ಆಕೀನ ಬೇಕಂದ್ರ ನಡೀರಿ, ಈಗ ಹೋಗಿ ಹೇಳ್ರಿ. ನಾನೂ ಬರ್ತೇನಿ."

ಹೆಣ್ಣಿನ ಕಡೆಯವರು ಎದುರು ಮನೆಯಲ್ಲಿ ಇಳಿದಿದ್ದರು. ಸುನಂದಾ ಪಡಸಾಲೆಗೆ ಬಂದಳು. ವೀರೇಶ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಅವಳು ಪೂರ್ತಿ ಕೇಳಿ, "ತಗೀರಿ, ನೋಡೂಣು," ಎಂದಳು.

ಅಂಟು ಸಡಿಲಿಸುವ ದ್ರಾವಣ ಸಿಂಪಡಿಸಿ ಹತ್ತು ನಿಮಿಷ ಕಾಯಬೇಕು. ನನ್ನ ಜೀವನದಲ್ಲಿ ಅಷ್ಟು ಉದ್ದದ ಹತ್ತು ನಿಮಿಷ ಮತ್ತೊಂದಿಲ್ಲ. ಪ್ಯಾಚ್ ಬಿಚ್ಚಿ ನನ್ನ ಅಂಗೈಯಲ್ಲಿಟ್ಟುಕೊಂಡೆ. ಅವಳು ಅದನ್ನೂ ನೋಡಿದಳು, ಅವನ ತಲೆಯನ್ನೂ ನೋಡಿದಳು.

"ಮೂರು ತಿಂಗಳು ದಿನಾ ಫೋನ್ ಮಾಡಿ ಊಟ ಆತೇನು ಅಂತ ಕೇಳಿದ್ರಿ. ಇದೊಂದು ಮಾತು ಹೇಳಾಕ ಬಾಯಿ ಬರಲಿಲ್ಲೇನ್ರಿ?" ಅವಳ ಕಣ್ಣು ತುಂಬಿತ್ತು.

"ತಪ್ಪು ನಂದೂ ಐತವ್ವಾ," ಎಂದೆ ನಾನು.

ಅವಳು ನನ್ನ ಕಡೆ ತಿರುಗಿದಳು. "ಕೈ ಕೆಲಸ ಛಲೋ ಐತ್ರಿ ಕಾಕಾ, ನನಗ ಖರೇನ ಗೊತ್ತಾಗಲಿಲ್ಲ. ಆದ್ರ ಗೊತ್ತಾಗದಂಗ ಇಡೂದು ಛಲೋ ಏನ್ರಿ?"

ನನ್ನ ಕೆಲಸವನ್ನು ಯಾರಾದರೂ ಹೊಗಳಿದಾಗ ನೆಲ ನೋಡಿದ್ದು ಅದೇ ಮೊದಲು.

ಅವಳು ಎದ್ದು ಒಳಗೆ ಹೋದಳು. ವೀರೇಶ ಕಂಬಕ್ಕೆ ಒರಗಿ ಕುಳಿತ. ಹೊರಗೆ ಯಲ್ಲಪ್ಪ ಸನಾದಿಯ ಶ್ರುತಿ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಅವಳು ತಿರುಗಿ ಬಂದಳು.

"ನಮ್ಮ ಅವ್ವ, ಅಪ್ಪಗ ಹೇಳಿ ಬಂದೇನಿ. ನಾಳೆ ಯಾರೂ ಆಡಿಕೊಳ್ಳಬಾರದು. ನನಗ ನಿಮ್ಮ ತಲಿದು ಸಿಟ್ಟಿಲ್ಲ, ಮುಚ್ಚಿಟ್ಟಿದ್ದು ಸಿಟ್ಟು. ಇನ್ನೇನರ ಮುಚ್ಚಿಟ್ಟೀರೇನು?"

ವೀರೇಶ ಬಹಳ ಯೋಚಿಸಿದ. "ಒಂದ ಐತ್ರಿ. ನೋಡಾಕ ಬಂದಾಗ ಉಪ್ಪಿಟ್ಟು ಭಾಳ ಛಲೋ ಆಗೇತಿ ಅಂದಿದ್ದೆ. ಅದು... ಛಲೋ ಆಗಿರಲಿಲ್ರಿ."

ಸುನಂದಾ ಸೆರಗು ಬಾಯಿಗೆ ಹಿಡಿದು ನಕ್ಕಳು. "ಅದು ನಾ ಮಾಡಿದ್ದಲ್ರಿ, ನಮ್ಮ ಅಣ್ಣನ ಹೇಣ್ತಿ ಮಾಡಿದ್ದು! ಕಾಕಾ, ಇವರನ್ನ ಒಂದೀಟು ಚಂದಂಗ ಮಾಡ್ರಿ. ಸುರಗಿಗೆ ಹೊತ್ತಾತು."

ಅಲ್ಲೇ ಪಡಸಾಲೆಯಲ್ಲಿ ಟವೆಲ್ ಹೊದಿಸಿದೆ. ಸುತ್ತಲಿನ ಕೂದಲನ್ನು ಕ್ಲಿಪ್ಪರಿನಿಂದ ಸಣ್ಣಗೆ ಇಳಿಸಿ, ಗಡ್ಡಕ್ಕೆ ಗೆರೆ ಕೊಟ್ಟು, ಮೀಸೆ ತಿದ್ದಿದೆ. ಪ್ಯಾಚ್ ಹಾಕಿದಂದಿನಿಂದ ಅವನು ಕುತ್ತಿಗೆ ಬಿಗಿಹಿಡಿದು ನಡೆಯುತ್ತಿದ್ದ, ಗಾಳಿ ಬೀಸಿದರೆ ಕೈ ಹಣೆಗೆ ಹೋಗುತ್ತಿತ್ತು. ಅಂದು ಕನ್ನಡಿ ಹಿಡಿದಾಗ ಹೆಗಲು ಸಡಿಲ ಬಿಟ್ಟು ಕುಳಿತಿದ್ದ. ಖರೇ ಹೇಳಬೇಕೆಂದರೆ, ಹೀಗೇ ಹೆಚ್ಚು ಚಂದ ಕಾಣುತ್ತಿದ್ದ.

ಗಂಗಕ್ಕ ನೆತ್ತಿ ತುಂಬ ಎಣ್ಣೆ ಹಚ್ಚಿದಳು. "ಎಣ್ಣಿ ಕುಡಿಯಾಕ ಕೂದಲ ಇಲ್ಲ ನೋಡ್ರಿ, ಒಂದ ಬಟ್ಟಲದಾಗ ಇಬ್ಬರದೂ ಆತು!" ಎಂದಳು. ಎಲ್ಲರಿಗಿಂತ ಮೊದಲು ನಕ್ಕವನು ವೀರೇಶನೇ.

ಅವನು ಈಗಲೂ ಹದಿನೈದು ದಿನಕ್ಕೊಮ್ಮೆ ಗಡ್ಡ ತಿದ್ದಿಸಲು ಬರುತ್ತಾನೆ. ಪ್ಯಾಚ್ ಕೆಲಸ ನಾನೂ ಬಿಟ್ಟಿಲ್ಲ. ಚಂದ ಕಾಣಬೇಕು ಅನ್ನುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊಸ ಗಿರಾಕಿಯ ತಲೆಗೆ ಅಳತೆಯ ಟೇಪು ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: "ಮನ್ಯಾಗ ನಿಮ್ಮ ತಲಿಗೆ ಎಣ್ಣಿ ಹಚ್ಚವರು ಯಾರು, ಅವರಿಗೆ ಇದು ಗೊತ್ತೈತೇನು?" ಗೊತ್ತಿದೆ ಎಂದರೆ ಕುರ್ಚಿಗೆ ಕೂಡಿಸುತ್ತೇನೆ. ಇಲ್ಲ ಎಂದರೆ, ಮೊದಲು ಅವರನ್ನು ಕರೆದುಕೊಂಡು ಬರ್ರಿ ಎಂದು ಚಹಾ ಕುಡಿಸಿ ಕಳಿಸುತ್ತೇನೆ.