ಏಷ್ಯಾ ಖಂಡದ ಹದ್ದುಬಸ್ತು

ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ನಾನು ಏಷ್ಯಾ ಖಂಡದ ಗಡಿಗಳನ್ನು ನಿದ್ದೆಗಣ್ಣಿನಲ್ಲೂ ಒಪ್ಪಿಸಬಲ್ಲೆ. ಪಶ್ಚಿಮಕ್ಕೆ ಯೂರಲ್ ಪರ್ವತ, ಯೂರಲ್ ನದಿ, ಕ್ಯಾಸ್ಪಿಯನ್ ಸಮುದ್ರ, ಕಾಕಸಸ್, ಕಪ್ಪು ಸಮುದ್ರ. ಪೂರ್ವಕ್ಕೆ ಪೆಸಿಫಿಕ್, ಉತ್ತರಕ್ಕೆ ಹೆಪ್ಪುಗಟ್ಟಿದ ಆರ್ಕ್ಟಿಕ್, ದಕ್ಷಿಣಕ್ಕೆ ನಮ್ಮದೇ ಹಿಂದೂ ಮಹಾಸಾಗರ. ಇಷ್ಟೆಲ್ಲ ಬಲ್ಲ ನನಗೆ ಸಾಸಲಿನ ಹತ್ತಿರವಿರುವ ನನ್ನ ರಾಗಿ ಹೊಲದ ಪೂರ್ವದ ಗಡಿ ಎಲ್ಲಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಗೊತ್ತಿದೆ ಎಂದುಕೊಂಡಿದ್ದದ್ದೇ ಎಡವಟ್ಟಾಯಿತು.

ಪೂರ್ವಕ್ಕಿರುವುದು ದೊಡ್ಡಪ್ಪನ ಮಗ ಹನುಮಂತಣ್ಣನ ಹೊಲ. ನಡುವೆ ಒಂದು ಬದು. ಮೂರು ವರ್ಷದ ಹಿಂದೆ ಉಳುಮೆ ಮುಗಿದ ಮೇಲೆ ನೋಡಿದರೆ ಬದು ಸಣಕಲಾಗಿತ್ತು. ಅಣ್ಣ ಬೇಕೆಂದೇ ಒಂದು ಸಾಲು ಒತ್ತಿಸಿದ್ದಾನೆ ಎಂದು ನಾನು ಅಂದೆ. ಮೇಷ್ಟ್ರಿಗೆ ಪುಸ್ತಕದೊಳಗಿನ ನೆಲ ಮಾತ್ರ ಗೊತ್ತು ಎಂದು ಅವನು ಅಂದ. ಅಲ್ಲಿಗೆ ಮಾತು ನಿಂತಿತು. ಚಿಕ್ಕಂದಿನಲ್ಲಿ ಸೊಂಟ ಹಿಡಿದು ಕೆರೆಯಲ್ಲಿ ಈಜು ಕಲಿಸಿದವನು ದಾರಿಯಲ್ಲಿ ಮುಖ ತಿರುಗಿಸಿಕೊಂಡು ಹೋಗುವಾಗ ನನಗೆ ಅಳು ಬರುವಷ್ಟು ಬೇಸರವಾಗುತ್ತಿತ್ತು. ಆದರೂ ಹಟ ಬಿಡಲಿಲ್ಲ. ಸರ್ವೆಯವರು ಬಂದು ಗಡಿ ಅಳೆದು ಗುರುತಿಸಿಕೊಡಲಿ ಎಂದು ಹದ್ದುಬಸ್ತಿಗೆ ಅರ್ಜಿ ಹಾಕಿದೆ.

ಅಳತೆಯ ಹಿಂದಿನ ದಿನ ಜಗುಲಿಯಲ್ಲಿ ಕೂತು ಮಕ್ಕಳಿಗಾಗಿ ಏಷ್ಯಾದ ನಕ್ಷೆ ಬರೆಯುತ್ತಿದ್ದೆ. ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಇಣುಕಿ ನೋಡಿದಳು. ಏಷ್ಯಾಕ್ಕೂ ಯೂರೋಪಿಗೂ ಮಧ್ಯೆ ಸಮುದ್ರವೇ ಇಲ್ಲದ ಮೇಲೆ ಒಂದೇ ನೆಲ ಎರಡು ಖಂಡ ಹೇಗಾಯಿತು ಎಂದು ಕೇಳಿದಳು. ಹಿಂದಿನವರು ಹಾಗೆ ಗೆರೆ ಎಳೆದರು, ಉಳಿದವರು ಒಪ್ಪಿಕೊಂಡರು, ಕಾಕಸಸ್ಸಿನಲ್ಲಿ ಗೆರೆ ಎಲ್ಲಿ ಹಾಯುತ್ತದೆ ಎಂಬುದರಲ್ಲಿ ಪಂಡಿತರಿಗೆ ಇಂದಿಗೂ ಒಮ್ಮತವಿಲ್ಲ ಎಂದು ವಿವರಿಸಿದೆ. ಯೂರಲ್ ಸೀಮೆಯಲ್ಲಿ ಕಲ್ಲು ಕಂಬ ನೆಟ್ಟಿದ್ದಾರೆ, ನೋಡಲು ಹೋದವರು ಆಚೆಗೊಂದು ಈಚೆಗೊಂದು ಕಾಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ ಎಂದೂ ಸೇರಿಸಿದೆ.

ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸದೆ ಕೇಳಿದಳು: "ಕಲ್ಲಿನ ಆಚೆಯೋರು ಈಚೆಯೋರು ಮಾತಾಡ್ತಾರಾ?"

ನಾನು ನಕ್ಷೆಯ ದಕ್ಷಿಣಕ್ಕೆ ಇಳಿದೆ. ಅಲ್ಲೂ ನೆಮ್ಮದಿಯಿಲ್ಲ. ನಾವು ನಿಂತಿರುವ ಈ ನೆಲ ಏಷ್ಯಾದ ಮೂಲ ಹಿಡುವಳಿಯೇ ಅಲ್ಲ. ಆಫ್ರಿಕಾದ ಮಗ್ಗುಲಿನಿಂದ ಕಳಚಿಕೊಂಡು, ಕೋಟಿಗಟ್ಟಲೆ ವರ್ಷ ಸರಿಯುತ್ತ ಬಂದು ಏಷ್ಯಾವನ್ನು ಗುದ್ದಿತು. ಆಗ ಎದ್ದ ಬದುವೇ ಹಿಮಾಲಯ. ಈಗಲೂ ಉತ್ತರಕ್ಕೆ ಒತ್ತುತ್ತಲೇ ಇದೆ. ಇಷ್ಟು ದೊಡ್ಡ ಒತ್ತುವರಿಯ ಮೇಲೆ ಯಾರೂ ಅರ್ಜಿ ಹಾಕಿದಂತಿಲ್ಲ.

ಮಾರನೆಯ ದಿನ ಸರ್ವೆಯರ್ ಬಂದರು. ಹೊಲದ ಮೂರು ಮೂಲೆಯ ಗಡಿಕಲ್ಲುಗಳು ಸಿಕ್ಕವು, ಬದುವಿನ ತುದಿಯ ನಾಲ್ಕನೆಯದು ಇಲ್ಲ. ನಾನು ಹೊಂಗೆಮರದ ಕೆಳಗೆ ನಿಂತಿದ್ದ ಅಣ್ಣನ ಕಡೆ ಅರ್ಥಗರ್ಭಿತವಾಗಿ ನೋಡಿದೆ. ಸರ್ವೆಯರ್ ಕೈ ತೊಳೆಯಲು ನಮ್ಮ ಬೋರ್‌ವೆಲ್ ತೊಟ್ಟಿಯ ಹತ್ತಿರ ಹೋದವರು, ನನ್ನ ಹೆಂಡತಿ ಬಟ್ಟೆ ಒಗೆಯುವ ಉದ್ದನೆಯ ಕಲ್ಲಿನ ಮೇಲಿದ್ದ ಸೋಪಿನ ನೊರೆಗೆ ನೀರು ಹಾಕಿದರು. ತುದಿಯಲ್ಲಿ ಉಳಿಯಿಂದ ಕೊರೆದ ಗುರುತು ಕಾಣಿಸಿತು.

"ಮೇಷ್ಟ್ರೇ, ನಿಮ್ ಬಾಂದುಕಲ್ಲು ಇಲ್ಲೈತಲ್ಲ."

ಆಗ ನೆನಪಾಯಿತು. ಎಷ್ಟೋ ವರ್ಷದ ಹಿಂದೆ ಬೋರ್‌ವೆಲ್ಲಿನ ಪೈಪ್ ಹೂಳುವಾಗ ಅಡ್ಡ ಸಿಕ್ಕಿದ ಆ ಕಲ್ಲನ್ನು, ಎಷ್ಟು ಲಕ್ಷಣವಾಗಿದೆ ಎಂದು ಮೆಚ್ಚಿ, ನಾನೇ ಎಳೆಸಿ ತಂದು ಹಾಕಿಸಿದ್ದೆ. ಅಷ್ಟು ವರ್ಷ ನನ್ನ ಪೂರ್ವದ ಗಡಿಯ ಮೇಲೆ ನನ್ನದೇ ಪಂಚೆಗಳನ್ನು ಕುಕ್ಕಿ ಒಗೆಯಲಾಗಿತ್ತು. ಉಳಿದ ಮೂರು ಕಲ್ಲುಗಳಿಂದ ಅಳೆದಾಗ ಬದು ಒಂದು ಮೊಳದಷ್ಟು ಅಣ್ಣನ ಹೊಲದೊಳಗೇ ಇತ್ತು. ಅವನು ಉತ್ತಿದ್ದು ಅವನ ನೆಲವನ್ನೇ. ಒತ್ತುವರಿದಾರ ನಾನು.

ನಾಚಿಕೆಯಿಂದ ನೆಲ ನೋಡುತ್ತ ಅಣ್ಣನ ಹತ್ತಿರ ಹೋದೆ. ತಪ್ಪು ನನ್ನದೇ, ಇವತ್ತೇ ಆ ಕಲ್ಲು ಕೀಳಿಸಿ ತಂದು ನೆಡಿಸುತ್ತೇನೆ ಎಂದೆ. ಮೂರು ವರ್ಷದ ಮೇಲೆ ಅವನ ದನಿ ಕೇಳಿದೆ.

"ಅದಲ್ಲೇ ಇರ್ಲಿ ಬಿಡೋ. ಅವ್ಳು ಬಟ್ಟೆ ಎಲ್ಲಿ ಒಗೀಬೇಕು? ಇಲ್ಲಿಗೆ ಬೇರೆ ಕಲ್ಲು ತರಾಣ."

ಮಧ್ಯಾಹ್ನದ ಹೊತ್ತಿಗೆ ಹೊಸ ಕಲ್ಲು ಬಂತು. ನೆಟ್ಟಗೆ ಹಿಡಿದುಕೋ ಎಂದು ನನ್ನನ್ನು ಗದರಿಸಿ ಅಣ್ಣ ತಾನೇ ಗುಂಡಿಗೆ ಮಣ್ಣೆಳೆದ. ಕಲ್ಲನ್ನು ತಬ್ಬಿಕೊಂಡು ನಿಂತಿದ್ದ ನನ್ನ ಒಂದು ಕಾಲು ನನ್ನ ಹೊಲದಲ್ಲಿತ್ತು, ಇನ್ನೊಂದು ಅವನ ಹೊಲದಲ್ಲಿ. ಅವನು ಆ ಕಾಲನ್ನೂ ನೋಡಿದ, ಅದರ ಸುತ್ತಲೂ ಜೋಪಾನವಾಗಿ ಮಣ್ಣು ತುಳಿದ.

ಸಂಜೆ ಮನೆಗೆ ಬಂದವನೇ ಹೆಂಡತಿಯ ಪ್ರಶ್ನೆಗೆ, ಒಂದು ದಿನ ತಡವಾಗಿ, ಉತ್ತರ ಕೊಟ್ಟೆ.

"ಮಾತಾಡ್ತಾರೆ ಕಣೇ."